ಸೀರೆಗಾಗಿ ಒಂದು ಒತ್ತಿ

ನಗೆಪಾಟಲಿನ ಸಂಗತಿಗಳು ದುಡಿಯುವ ಜಾಗದಲ್ಲಿ ಆಗುತ್ತಲೇ ಇರುತ್ತವೆ, ಅದರಲ್ಲೇನೂ ವಿಶೇಷವಿಲ್ಲ. ಆದರೆ ತನ್ನ ಕುರ್ಚಿಗೆ ಯಾರು ಬರಬೇಕೆಂದು ತಾನೇ ಆರಿಸಿಕೊಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ನನಗೆ ಸಿಕ್ಕಿತು.

ರಬಕವಿಯ ಒಂದು ಸಗಟು ಸೀರೆ ಅಂಗಡಿಯಲ್ಲಿ ಫೋನ್ ಎತ್ತುವುದು ನನ್ನ ಕೆಲಸವಾಗಿತ್ತು. ನೂಲು ಬಂತೇನು ಎಂದು ಬನಹಟ್ಟಿಯ ನೇಕಾರರು ಕೇಳುತ್ತಿದ್ದರು. ಸೀರೆ ಹೊರಟಿತೇನು ಎಂದು ಜಮಖಂಡಿ, ಮುಧೋಳ, ಬೀಳಗಿಯ ಬಟ್ಟೆ ಅಂಗಡಿಯವರು ಕೇಳುತ್ತಿದ್ದರು. ಬಂತು, ಹೊರಟಿತು, ಇವೆರಡು ಮಾತಿನಲ್ಲಿ ನನ್ನ ದಿನ ಮುಗಿಯುತ್ತಿತ್ತು. ಮನೆಯಲ್ಲಿ ಯಜಮಾನರು ಪವರ್‌ಲೂಮ್ ನಡೆಸುತ್ತಿದ್ದವರು, ಬೆನ್ನು ಹಿಡಿದುಕೊಂಡು ಕೂತ ಮೇಲೆ ಮಗ್ಗವೂ ನಿಂತಿತ್ತು. ಒಲೆ ಹೊತ್ತುತ್ತಿದ್ದುದು ನನ್ನ ಪಗಾರದಿಂದ.

ಹೀಗಿರುವಾಗ ರಸ್ತೆ ಅಗೆಯುವವರು ಅಂಗಡಿಯ ಹಳೇ ಫೋನಿನ ತಂತಿಯನ್ನು ಮತ್ತೆ ಮತ್ತೆ ಕಡಿದುಹಾಕಿದರು. ಸಾವಕಾರರು, ಅಂದರೆ ಅಂಗಡಿಯ ಮಾಲೀಕರು, ರೋಸಿಹೋಗಿ ಇಂಟರ್‌ನೆಟ್ಟಿನ ಮೇಲೆ ನಡೆಯುವ ಫೋನು ಹಾಕಿಸುವುದೆಂದು ಗಟ್ಟಿ ಮಾಡಿದರು.

"ಯಾವ ಕಂಪನೀದು ಛಲೋ ಅಂತ ನೀನ ನೋಡವಾ. ಫೋನಿನ ಕೆಲಸ ನಿನಗ ಗೊತ್ತಿದ್ದಷ್ಟು ನಮಗೆಲ್ಲಿ ಗೊತ್ತೈತಿ" ಅಂದರು.

ಸಾವಕಾರರು ಕೆಟ್ಟವರಲ್ಲ. ಅದೇ ತೊಂದರೆ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು.

ಚಹಾದ ಪ್ಲಾನು

ಮೊದಲು ಹುಬ್ಬಳ್ಳಿಯಿಂದ ಒಂದು ಕಂಪನಿಯವನು ಬಂದ. ಶರ್ಟಿನ ತೋಳು ಮಡಿಸಿಕೊಂಡು, ಗಾದಿಯ ಮೇಲೆ ಪದ್ಮಾಸನ ಹಾಕಿ ಕೂತು, ತನ್ನ ಫೋನಿನ ಗುಣಗಾನ ಶುರು ಮಾಡಿದ.

"ಯಾರರೆ ಫೋನ್ ಹಚ್ಚಿದ್ರ ಇದು ತಾನ ಎತ್ತತೈತ್ರಿ. ಏನ ಬೇಕಂತ ತಾನ ಕೇಳತೈತ್ರಿ. ಸೂಟಿ ಕೇಳಾಂಗಿಲ್ಲ, ಜಡ್ಡ ಬೀಳಾಂಗಿಲ್ಲ, ಹಡಿಯಾಕ ತವರಮನಿಗೆ ಹೋಗಾಂಗಿಲ್ಲ."

ಆಗ ನಾನು ಅವನ ಮುಂದೆ ಚಹಾ ಇಡುತ್ತಿದ್ದೆ. ಹಡೆಯಲು ತವರಿಗೆ ಹೋಗಿ ಬಂದವಳು ನಾನೇ. ಅದು ಸಾವಕಾರರಿಗೂ ನೆನಪಾಗಿರಬೇಕು, ನನ್ನ ಮುಖ ನೋಡದೆ ಕಪ್ಪನ್ನು ನೋಡುತ್ತ, "ನೀ ಏನಂತೀವಾ?" ಅಂದರು.

"ಚಾ ಮಾಡಿ ಕೊಡತೈತೇನು, ಕೇಳ್ರಿ" ಅಂದೆ.

ಅವನಿಗೆ ಅದು ಚುಚ್ಚುಮಾತು ಅಂತ ಗೊತ್ತಾಗಲಿಲ್ಲ. ಪಾಪ, ಕಪ್ಪು ಕೆಳಗಿಟ್ಟು, ಬ್ಯಾಗಿನಿಂದ ಕಾಗದ ತೆಗೆದು, ಬೆರಳಿಟ್ಟು ಮೇಲಿಂದ ಕೆಳಗಿನವರೆಗೆ ಓದಿದ. ಆಮೇಲೆ ಗಂಭೀರವಾಗಿ ಹೇಳಿದ: "ಈ ಪ್ಲಾನಿನ್ಯಾಗ ಇಲ್ಲರಿ ಅಕ್ಕಾರ. ಮ್ಯಾಲಿನ ಪ್ಲಾನಿನ್ಯಾಗ ಐತೇನ, ಆಫೀಸಿಗೆ ಕೇಳಿ ಹೇಳತೀನಿ."

ಕರೆಂಟು ಹೋದಾಗ

ಎರಡನೆಯವನು ಬೆಳಗಾವಿಯವನು. ಇವನು ಮಾತು ಕಡಿಮೆ. "ಮೊದಲ ಬಳಸಿ ನೋಡ್ರಿ, ಆಮ್ಯಾಲ ತಗೋರಿ" ಎಂದು ಒಂದು ಪೆಟ್ಟಿಗೆ ಹಚ್ಚಿಕೊಟ್ಟು ಹೋದ. ನಾನು ಇದನ್ನೇ ಆರಿಸಬೇಕೆಂದುಕೊಂಡೆ. ಯಾಕೆಂದರೆ ಇದು ತಾನಾಗಿ ಏನನ್ನೂ ಎತ್ತುತ್ತಿರಲಿಲ್ಲ. ಎತ್ತಲು ಮನುಷ್ಯರೇ ಬೇಕಿತ್ತು.

ಆದರೆ ನಮ್ಮೂರಿನ ಒಂದು ನಡಾವಳಿ ಅವನಿಗೂ ಗೊತ್ತಿರಲಿಲ್ಲ, ನನಗೂ ಹೊಳೆಯಲಿಲ್ಲ. ಕರೆಂಟು ಇದ್ದಾಗ ರಬಕವಿ-ಬನಹಟ್ಟಿಯಲ್ಲಿ ಮಗ್ಗಗಳ ಸದ್ದು ಎಷ್ಟೆಂದರೆ, ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಕರೆಂಟು ಹೋದಾಗ ಮಗ್ಗ ನಿಲ್ಲುತ್ತದೆ. ಊರು ಥಂಡಾಗುತ್ತದೆ. ನೇಕಾರರು ಹೊರಗೆ ಕಟ್ಟೆಗೆ ಬಂದು ಕೂತು, ಎಲೆಯಡಿಕೆ ಹಾಕಿಕೊಂಡು, ಆಗ ಅಂಗಡಿಗೆ ಫೋನ್ ಹಚ್ಚುತ್ತಾರೆ. ಹಳೇ ಫೋನಿಗೆ ಕರೆಂಟಿನ ಹಂಗಿರಲಿಲ್ಲ, ಗಣಗಣ ಬಾರಿಸುತ್ತಿತ್ತು. ಈ ಹೊಸದು ಊರಿನ ಕರೆಂಟು ಹೋದೊಡನೆ ತಾನೂ ಕಣ್ಣು ಮುಚ್ಚುತ್ತಿತ್ತು.

ಒಂದು ವಾರ ನೇಕಾರರ ಒಂದು ಫೋನೂ ಬರಲಿಲ್ಲ. ಅಂಗಡಿ ಸೂತಕದ ಮನೆಯ ಹಾಗಾಯಿತು. ಕಡೆಗೆ ಬನಹಟ್ಟಿಯ ಹಿರಿಯ ನೇಕಾರರೊಬ್ಬರು ಸಿಟ್ಟಿನಿಂದ ನಡೆದುಕೊಂಡೇ ಬಂದರು. "ಸತ್ತೀರೇನಪಾ ಎಲ್ಲಾರೂ? ಯಾವಾಗ ಹಚ್ಚಿದ್ರೂ ಎತ್ತವಲ್ರಿ" ಅಂದರು.

ನಾನು ಸಾವಕಾರರಿಗೆ ಬಿಡಿಸಿ ಹೇಳಿದೆ: "ಅವರಿಗೆ ಕೇಳಸೂ ಹೊತ್ತಿನ್ಯಾಗ ನಮ್ಮ ಫೋನ್ ಇರಾಂಗಿಲ್ಲರಿ. ನಮ್ಮ ಫೋನ್ ಇದ್ದಾಗ ಅವರಿಗೆ ಕೇಳಸಾಂಗಿಲ್ಲರಿ."

ಸಾವಕಾರರು ಗದ್ದಕ್ಕೆ ಕೈ ಹಚ್ಚಿದರು. "ನಮ್ಮ ಮನ್ಯಾಗ ಇಷ್ಟ ವರ್ಷ ಸಂಸಾರ ಹಿಂಗ ನಡದೈತಿ. ಆದ್ರ ವ್ಯಾಪಾರ ನಡ್ಯಾಂಗಿಲ್ಲ" ಅಂದರು.

ಮೂರು ಒತ್ತಿ

ಹಾಗಾಗಿ ಹುಬ್ಬಳ್ಳಿಯವನೇ ಗೆದ್ದ. ಅವನ ಪೆಟ್ಟಿಗೆಗೆ ಬ್ಯಾಟರಿ ಇತ್ತು. ನನ್ನ ಬಾಯಿಂದಲೇ "ಇದ ಛಲೋ ಐತ್ರಿ" ಎಂದು ಹೇಳಬೇಕಾಯಿತು.

ಅದು ಮಾತನಾಡುವ ಕನ್ನಡ ಬೆಂಗಳೂರಿನ ಕಡೆಯದು. ಯಾವಳೋ ಹುಡುಗಿ ಸಕ್ಕರೆ ಬೆರೆಸಿದ ದನಿಯಲ್ಲಿ ಹೇಳುತ್ತಿದ್ದಳು: "ಸೀರೆಗಾಗಿ ಒಂದು ಒತ್ತಿ. ನೂಲಿಗಾಗಿ ಎರಡು ಒತ್ತಿ. ಮಾಲೀಕರಿಗಾಗಿ ಮೂರು ಒತ್ತಿ."

ಅವರ ಕಡೆ ಅದು ಗೌರವದ ಮಾತೇ ಇರಬಹುದು. ನಮ್ಮ ಕಡೆ ಗೌರವ ಕೊಡುವವರು "ಒತ್ರಿ" ಅನ್ನುತ್ತಾರೆ. ಬರೀ "ಒತ್ತಿ" ಅಂದರೆ ಹೊಲವನ್ನೋ ಮನೆಯನ್ನೋ ಸಾಲಕ್ಕೆ ಬರೆದುಕೊಡುವುದು.

ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಸುದ್ದಿ. ಸಾವಕಾರರ ಅಂಗಡಿ ಒತ್ತಿ ಬಿದ್ದೈತಂತ, ಒಂದಲ್ಲ, ಮೂರಂತ, ಅಂಗಡಿಯ ಫೋನಿನಲ್ಲೇ ಹೇಳಾಕತ್ತಾರಂತ. ನೇಕಾರರು ಗುಂಪು ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತರು. ಯಾರೂ ಗಲಾಟೆ ಮಾಡಲಿಲ್ಲ. ಸತ್ತವರ ಮಣ್ಣಿಗೆ ಬಂದವರಂತೆ ಟವೆಲ್ ಹೆಗಲಿಗೆ ಹಾಕಿಕೊಂಡು ಸುಮ್ಮನೆ ನಿಂತಿದ್ದರು, ಅದೇ ಹೆದರಿಕೆ ಹುಟ್ಟಿಸುವಂತಿತ್ತು. ಸಾವಕಾರರ ಬೀಗರು ಜಮಖಂಡಿಯಿಂದ ಬಸ್ಸು ಹಿಡಿದು ಬಂದರು. ನೀರು ಕೊಟ್ಟರೆ ಕುಡಿಯಲಿಲ್ಲ.

"ಮಗಳನ್ನ ಕೊಟ್ಟೇವಿ. ನಮಗರೆ ಒಂದ ಮಾತು ಹೇಳಬೇಕಿತ್ತು" ಅಂದರು.

"ಯಾವ ಒತ್ತೀನೂ ಇಲ್ರೀ" ಎಂದು ಸಾವಕಾರರು ಆಣೆ ಪ್ರಮಾಣ ಮಾಡಿದರು. ಯಾರೂ ನಂಬಲಿಲ್ಲ. ಆಗ ಎಲ್ಲರಿಗೂ ಕೇಳಿಸುವಂತೆ ಸ್ಪೀಕರ್ ಹಾಕಿ ಅಂಗಡಿಗೇ ಫೋನ್ ಹಚ್ಚಿದರು. ಆ ಹುಡುಗಿ ಮತ್ತೆ ಅದೇ ಸಕ್ಕರೆ ದನಿಯಲ್ಲಿ ಮೂರೂ ಒತ್ತಿಗಳನ್ನು ಓದಿ ಹೇಳಿದಳು.

ಬೀಗರು ಹಣೆ ಬಡಿದುಕೊಂಡರು. ಬನಹಟ್ಟಿಯ ಆ ಹಿರಿಯ ನೇಕಾರರು ಬೆರಳು ಮಡಚಿ ಲೆಕ್ಕ ಹಾಕಿದರು: "ಸೀರಿ ಒಂದನೇ ಒತ್ತಿ, ನೂಲು ಎರಡನೇ ಒತ್ತಿ, ಮೂರನೇದಕ್ಕ ಮಾಲಕರನ್ನ ಇಟ್ಟಾರ. ಇನ್ನ ಅಂಗಡ್ಯಾಗ ಏನ ಉಳೀತು?"

ಹಿಂದಿನಿಂದ ಯಾರೋ ಅಂದರು: "ಫೋನ್ ಎತ್ತೂ ಅಕ್ಕ ಉಳದಾಳ."

ಹಿರಿಯರು ನನ್ನನ್ನು ಒಮ್ಮೆ ಮೇಲೆ ಕೆಳಗೆ ನೋಡಿ ನಿಟ್ಟುಸಿರು ಬಿಟ್ಟರು. "ಆಕೀನ್ನ ಯಾರ ಒತ್ತಿ ಇಟ್ಕೋತಾರ ಬಿಡೋ."

ನಕ್ಕೋಂತ ಹೇಳ್ರಿ

ಮರುದಿನವೇ ಹುಬ್ಬಳ್ಳಿಯವನನ್ನು ಕರೆಸಿ ಸಾವಕಾರರು ಬೈದರು. "ಆ ಹುಡುಗಿ ದನಿ ಮೊದಲ ತಗಿ. ನಮ್ಮ ಮಂದಿಗೆ ತಿಳಿಯೂ ಮಾತಿನ್ಯಾಗ ಹಾಕು. ನಮ್ಮ ಅಕ್ಕಂದ ಹಾಕು, ಆಕೀ ದನಿ ಎಲ್ಲಾರಿಗೂ ಗುರ್ತೈತಿ."

ನನಗೆ ಹೋದ ಜೀವ ಬಂದಂತಾಯಿತು. ನಾನಿಲ್ಲದೆ ನಡೆಯುವುದಿಲ್ಲ ಅಂತ ಆಯಿತಲ್ಲ ಎಂದುಕೊಂಡೆ. ಸಂಜೆ ಯಜಮಾನರಿಗೆ ಹೇಳಿದರೆ, ಬೆನ್ನು ನೋವು ಮರೆತು ಎದ್ದು ಕೂತು ನಕ್ಕರು. ಅವರು ನಕ್ಕದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ಹೊರಗಿನ ಮಗ್ಗದ ಸದ್ದು ಬರಬಾರದೆಂದು ಗೋಡೌನಿನಲ್ಲಿ, ಸೀರೆಯ ಗಂಟುಗಳ ನಡುವೆ ನನ್ನನ್ನು ಕೂರಿಸಿದರು. ಸೆಕೆಗೆ ಬೆವರು ಇಳಿಯುತ್ತಿತ್ತು. "ನಕ್ಕೋಂತ ಹೇಳ್ರಿ ಅಕ್ಕಾರ, ನಗಿ ಫೋನಿನ್ಯಾಗ ಕೇಳಸತೈತಿ" ಎಂದು ಹುಬ್ಬಳ್ಳಿಯವನು ಅಂದ. ನಾನು ನಕ್ಕೆ. "ಸೀರಿಗೆ ಒಂದ ಒತ್ರಿ, ನೂಲಿಗೆ ಎರಡ ಒತ್ರಿ." ಅದರ ಜೊತೆ ಇನ್ನೂ ಏನೇನೋ ಅವನು ಬರೆದು ಕೊಟ್ಟದ್ದನ್ನೆಲ್ಲ ಪ್ರೀತಿಯಿಂದ ಹೇಳಿದೆ. ಹೇಳಿ ಮುಗಿಸಿದಾಗ ಅವನು ಚಪ್ಪಾಳೆ ತಟ್ಟಿದ.

ನನ್ನ ದನಿ ಕೇಳಿ ಮಂದಿ ಖುಷಿಯಾದರು. ಸರಿಯಾಗಿ ಒತ್ತಿದರು, ವ್ಯಾಪಾರ ಸುಸೂತ್ರ ನಡೆಯಿತು. ಎಷ್ಟು ಸುಸೂತ್ರ ಎಂದರೆ, ನನ್ನ ಮೇಜಿನ ಮೇಲೆ ಫೋನು ಬಾರಿಸುವುದೇ ನಿಂತಿತು. ತಿಂಗಳ ಕೊನೆಗೆ ಸಾವಕಾರರು ಒಂದು ಒಳ್ಳೇ ಸೀರೆ ಮಡಚಿ ನನ್ನ ಕೈಗಿಟ್ಟರು. ಯಾಕೆಂದು ಕೇಳುವ ಮೊದಲೇ ನನಗೆ ಗೊತ್ತಾಯಿತು. ಸಿಟ್ಟು ಬಂತು, ಅಳುವೂ ಬಂತು. ಅವರಿಗೂ ಕಣ್ಣು ತುಂಬಿ ಬಂದಿತ್ತು.

"ಹೊಂಟೆ ಅನಬ್ಯಾಡವಾ. ನೀ ಎಲ್ಲಿ ಹೊಂಟಿ? ನಿನ್ನ ದನಿ ಇಲ್ಲೇ ಇರತೈತಿ" ಅಂದರು. "ನೀ ಒಬ್ಬಾಕಿ ಅಷ್ಟ ಮನೀಗೆ ಹೊಂಟಿ."

ಮುಧೋಳದ ಅಂಗಡಿ

ಎರಡು ತಿಂಗಳು ಕಾದು ನೋಡಿ, ಮುಧೋಳದ ಒಂದು ಬಟ್ಟೆ ಅಂಗಡಿಗೆ ಕೆಲಸ ಕೇಳಲು ಹೋದೆ. ಹೊರಡುವಾಗ ಯಜಮಾನರು ಗೋಡೆ ಹಿಡಿದು ಬಾಗಿಲವರೆಗೆ ಬಂದು, "ದನಿ ತಗದ ಮಾತಾಡು, ಹೆದರಬ್ಯಾಡ" ಅಂದರು. ಈ ಕೆಲಸ ಸಿಗದಿದ್ದರೆ ಮಗ್ಗ ಮಾರುವುದೊಂದೇ ಉಳಿದಿತ್ತು.

ಮುಧೋಳದ ಮಾಲಕರು ನನ್ನ ಮಾತೆಲ್ಲ ಕೇಳಿಸಿಕೊಂಡರು. "ಆತು. ನಿಮ್ಮ ಹಳೇ ಸಾವಕಾರರಿಗೆ ಒಂದ ಮಾತು ಕೇಳತೀನಿ" ಎಂದು ನನ್ನ ಎದುರೇ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

ಆ ಕಡೆ ನಾನು ಎತ್ತಿದೆ. "ನಮಸ್ಕಾರ್ರಿ. ನೀವು ನಮಗ ಬೇಕಾದವರು. ಹಂಗ ತಡೀರಿ, ಎಲ್ಲಿಗೂ ಹೋಗಬ್ಯಾಡ್ರಿ" ಎಂದು ನಗುನಗುತ್ತ ಹೇಳಿದೆ.

ಮಾಲಕರು ಫೋನನ್ನು ನೋಡಿದರು, ನನ್ನನ್ನು ನೋಡಿದರು. "ಏನವಾ, ಅಲ್ಲಿ ಕೆಲಸದಾಗ ಅದಿ, ಇಲ್ಲಿ ಬಂದು ಕೆಲಸ ಬಿಟ್ಟೀನಿ ಅಂತ ಸುಳ್ಳ ಹೇಳತಿ?"

"ಅದು ನಾ ಅಲ್ರೀ" ಅಂದೆ.

"ಮತ್ತ ಯಾರದು?"

"ನಾನ ಅದೀನ್ರಿ. ಆದ್ರ ಅಲ್ಲಿಲ್ರಿ."

ಅವರಿಗೆ ಅರ್ಥವಾಗಲಿಲ್ಲ. ಮೊದಲಿಂದ ಎಲ್ಲ ಹೇಳಿದೆ, ಪೆಟ್ಟಿಗೆ, ಬ್ಯಾಟರಿ, ಗೋಡೌನು, ಎಲ್ಲ. ಹೇಳುವಾಗ ಗಂಟಲು ಕಟ್ಟಿತು. ಫೋನಿನಲ್ಲಿ ನನ್ನ ದನಿ ಮಾತ್ರ ಸ್ವಲ್ಪವೂ ಕಟ್ಟದೆ, ತಡೀರಿ, ತಡೀರಿ ಅನ್ನುತ್ತಲೇ ಇತ್ತು. ಅವರು ಕಣ್ಣು ಮುಚ್ಚಿ ಅದನ್ನು ಮನಸ್ಸಿಟ್ಟು ಕೇಳಿದರು. ಮುಖ ಮೆತ್ತಗಾಯಿತು.

"ಭಾಳ ಛಲೋ ಐತಿ ದನಿ. ಎಷ್ಟ ಮರ್ಯಾದಿಲೆ ಮಾತಾಡತೈತಿ. ನಮ್ಮ ಅಂಗಡಿಗೆ ಇಂಥಾದ ಬೇಕಾಗಿತ್ತು ನೋಡು."

ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆ. "ಯಾವತ್ತಿಂದ ಬರಲಿರಿ?" ಅಂದೆ.

"ನೀ ಯಾಕ ಬರತಿ, ಅಷ್ಟ ದೂರದಿಂದ?" ಅಂದರು ಮಾಲಕರು, ಬಹಳ ಕಳಕಳಿಯಿಂದ. "ಆ ಹುಬ್ಬಳ್ಳಿಯವನ ನಂಬರ ಕೊಡು, ಸಾಕು."