ಕೃಷ್ಣಗಿರಿಯ ಶಾಂತಪ್ಪನವರಿಗಾಗಿ ಪ್ರಾರ್ಥಿಸೋಣ

ನಮ್ಮಕ್ಕನ ಮನೆಯಲ್ಲಿ ಕುಕ್ಕರ್ ಕೂಡ ಸುಮ್ಮನೆ ಕೂಗುವಂತಿಲ್ಲ. ಮೂರು ಸಲ ಕೂಗಿತೋ, ತಂದೆ, ಮಗ, ಪವಿತ್ರಾತ್ಮ! ನಾಲ್ಕನೆಯ ಸಲ ಕೂಗಿದರೆ? ಅದು ಸೈತಾನ. ಬೇಳೆ ಸೀದ ವಾಸನೆ ಬೀದಿಯ ತುದಿಯಲ್ಲಿರುವ ನನ್ನ ಮನೆಗೂ ಬಂದಿರುತ್ತದೆ, ಅಕ್ಕ ಮಾತ್ರ ಒಲೆ ಆರಿಸದೆ ಫೋನಿನ ಮೇಲೆ ಬಗ್ಗಿ ಒಂದೇ ಬೆರಳಿನಲ್ಲಿ ಕುಟ್ಟುತ್ತಿರುತ್ತಾಳೆ. ಆ ಸೀದ ಬೇಳೆಯಿಂದ ಮನುಷ್ಯಕುಲ ಕಲಿಯಬೇಕಾದ ಪಾಠವೊಂದಿದೆ; ಅದು ಆರುವ ಮೊದಲು ಬ್ಲಾಗಿಗೆ ಹೋಗಬೇಕು.

ಬ್ಲಾಗ್ ಅಂದರೆ ಗೊತ್ತಲ್ಲ? ಹಿಂದೆ ದಿನಚರಿ ಬರೆದವರು ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಈಗ ಅದನ್ನೇ ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸುವ ಕಾಲ. ಅಕ್ಕ ಮೊದಲು ನೋಟ್‌ಬುಕ್ಕಿನಲ್ಲಿ ಬರೆದು, ಅಡುಗೆ ಮಾಡುತ್ತಿದ್ದ ಸೊಸೆಯ ಹಿಂದೆ ನಿಂತು ಓದಿ ಹೇಳುತ್ತಿದ್ದಳು. ಸೊಸೆ ಒಂದು ವರ್ಷ ತಾಳಿದಳು. ಆಮೇಲೆ ಅರ್ಧ ಗಂಟೆ ಕೂತು ಬ್ಲಾಗ್ ಮಾಡಿಕೊಟ್ಟು, "ಅತ್ತೆ, ಇನ್ಮೇಲೆ ಲೋಕಾನೇ ಕೇಳ್ತದೆ, ನನ್ನೊಬ್ಳುನ್ನ ಬುಟ್ಬುಡಿ" ಅಂದಳು. ಬುದ್ಧಿವಂತೆ!

ನಾನು ಎಸ್ಸೆಸ್ಸೆಲ್ಸಿ ಪಾಸು. ಹೊಸೂರಿನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವನು. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು, ಓದಿದ್ದು ಎಂಟನೆಯ ತರಗತಿ. ಇಬ್ಬರಲ್ಲಿ ಯಾರು ಲೇಖಕರಾಗಬೇಕಿತ್ತು, ನೀವೇ ಹೇಳಿ! ಈ ಪ್ರಶ್ನೆಯೇ ನನ್ನ ಪಾಪದ ಬೇರು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆಗ ಒಪ್ಪಿರಲಿಲ್ಲ.

ಒಂದು ದಿನ ಅತ್ತಿಬೆಲೆಯಿಂದ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬರುತ್ತಿದ್ದೆ. ಜೂಜುವಾಡಿಯ ಗಡಿ ಚೆಕ್‌ಪೋಸ್ಟಿನಲ್ಲಿ ಲಾರಿಗಳು ಒಂದರ ಬಾಲ ಒಂದು ಹಿಡಿದು ನಿಂತಿದ್ದವು. ಮುಕ್ಕಾಲು ಗಂಟೆ ಬಿಸಿಲು. ಹಿಂದಿನಿಂದ ಅಕ್ಕನ ದನಿ:

"ನೋಡ್ಲಾ, ಇದೇ ಕಣ್ಲಾ ಪರಲೋಕದ ಇಕ್ಕಟ್ಟಾದ ಬಾಗ್ಲು. ಲಾರಿಯೋರು ಲೋಡ್ ಹೊತ್ಕೊಂಡವ್ರೆ, ಅದ್ಕೇ ನುಗ್ಗಕ್ಕಾಗ್ತಿಲ್ಲ."

"ನಾವೇನು ಹೊತ್ಕೊಂಡಿದೀವಿ ಅಕ್ಕ? ನಾವ್ಯಾಕೆ ನಿಂತಿದೀವಿ?"

"ನೀನು ಕ್ವಾಪ ಹೊತ್ಕೊಂಡಿದ್ಯಲ್ಲ!"

ಮಾರನೆಯ ದಿನದ ಬರಹದಲ್ಲಿ ಒಬ್ಬ ಸಹೋದರ ಲಾರಿಯವನನ್ನು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈದಿದ್ದ. ಒಂದೇ ಬಾಯಿಂದ ಇಷ್ಟು ಭಾಷೆ ಆಡುವ ವರವನ್ನು ಕರ್ತನು ಕೊಟ್ಟದ್ದು ಇದಕ್ಕೋ ಎಂದು ಅಕ್ಕ ಕೇಳಿದ್ದಳು.

ಅದನ್ನೂ ನುಂಗಿದೆ. ನುಂಗಲಾಗದೆ ಹೋದದ್ದು ಮಾವಿನ ಹಣ್ಣು. ಕೃಷ್ಣಗಿರಿಯಲ್ಲಿ ಹಣ್ಣು ಕೊಳ್ಳುವಾಗ ಒಂದು ಹೋಳು ರುಚಿ ನೋಡುವುದು ಪದ್ಧತಿ. ನಾನು ಆರು ಅಂಗಡಿಯಲ್ಲಿ ರುಚಿ ನೋಡಿದೆ, ಹೊಟ್ಟೆ ತುಂಬಿತು, ಕೊಳ್ಳಲಿಲ್ಲ. ಇದು ಅಪರಾಧವೇ? ಶುಕ್ರವಾರ ಬೀದಿಯ ಮನೆ ಪ್ರಾರ್ಥನೆಗೆ ಹೋದರೆ, ಅಕ್ಕ ಕನ್ನಡಕ ಏರಿಸಿ ತನ್ನ ಹೊಸ ಬರಹವನ್ನು ಎಲ್ಲರಿಗೂ ಓದುತ್ತಿದ್ದಾಳೆ. ಹೆಸರು: 'ಕೊಳ್ಳದೆ ಸವಿಯುವವರು'. ಭಾನುವಾರ ಭಾನುವಾರ ಚರ್ಚಿಗೆ ಬಂದು ದೇವರ ವಾಕ್ಯದ ಒಂದು ಹೋಳು ಚಪ್ಪರಿಸಿ, ಏನನ್ನೂ ಮನೆಗೆ ಒಯ್ಯದೆ ಹೋಗುವವರ ಕುರಿತು. ನನ್ನ ಹೆಸರು ಹಾಕಿರಲಿಲ್ಲ, ನಿಜ. 'ನನಗೆ ತಿಳಿದ ಒಬ್ಬ ಸಹೋದರ, ನಿವೃತ್ತ ಫಿಟ್ಟರ್, ಬೋಳು ತಲೆ, ಎಡಗಾಲು ಸ್ವಲ್ಪ ಕುಂಟು' ಎಂದಷ್ಟೇ ಬರೆದಿದ್ದಳು. ಹೊಸೂರಿನಲ್ಲಿ ಅಂಥವರು ಎಷ್ಟು ಜನರಿಲ್ಲ! ಆದರೂ ಅಲ್ಲಿದ್ದ ಹೆಂಗಸರೆಲ್ಲ ಯಾಕೋ ನನ್ನ ಎಡಗಾಲನ್ನೇ ನೋಡಿದರು.

ಮಾರನೆಯ ದಿನ ಮಧ್ಯಾಹ್ನ ಶಾಂತಪ್ಪ ಹುಟ್ಟಿದ.

ಬ್ಲಾಗಿನ ಕೆಳಗೆ ಓದಿದವರು ಅಭಿಪ್ರಾಯ ಬರೆಯಲು ಜಾಗವಿರುತ್ತದೆ. 'ಶಾಂತಪ್ಪ, ಕೃಷ್ಣಗಿರಿ' ಎಂಬ ಕಳ್ಳ ಹೆಸರಿಟ್ಟುಕೊಂಡೆ. ಹೊಸೂರು ಎಂದರೆ ಅನುಮಾನ ಬರುತ್ತದಲ್ಲ! ಬರೆದೆ: 'ಸಹೋದರಿ, ಹಣ್ಣಿನ ರುಚಿ ನೋಡುವುದು ಪಾಪವಾದರೆ, ಒಡಹುಟ್ಟಿದವರ ಮಾನ ಕಳೆಯುವುದು ಪುಣ್ಯವೇ?'

ಹತ್ತೇ ನಿಮಿಷಕ್ಕೆ ಉತ್ತರ ಬಂತು. 'ಕರ್ತನಲ್ಲಿ ಪ್ರಿಯ ಶಾಂತಪ್ಪನವರೇ, ನಿಮ್ಮ ಮನಸ್ಸನ್ನು ಯಾರೋ ಬಹಳ ನೋಯಿಸಿದ್ದಾರೆಂದು ಕಾಣುತ್ತದೆ. ಅವರನ್ನು ಕ್ಷಮಿಸಿರಿ.'

ನೋಯಿಸಿದವಳೇ ಹೀಗೆ ಉಪದೇಶ ಮಾಡಿದರೆ ಮೈ ಉರಿಯುವುದಿಲ್ಲವೇ? ಅಂದಿನಿಂದ ಅವಳು ಬರೆದ ಪ್ರತಿಯೊಂದಕ್ಕೂ ಶಾಂತಪ್ಪ ತಪ್ಪದೆ ಕೊಂಕು ಬರೆದ. ಎಷ್ಟು ಬರೆದೆ ಎಂದರೆ, ಸಂಜೆ ಅವಳ ಮನೆಯ ಕುಟುಂಬ ಪ್ರಾರ್ಥನೆಯಲ್ಲಿ, ಮೊಮ್ಮಕ್ಕಳ ಪರೀಕ್ಷೆ, ಸೊಸೆಯ ಮಂಡಿನೋವು ಇವೆರಡರ ನಡುವೆ ಒಂದು ಹೊಸ ಬೇಡಿಕೆ ಸೇರಿತು. "ಕೃಷ್ಣಗಿರಿಯ ಶಾಂತಪ್ಪನವರ ಕಲ್ಲಾದ ಹೃದಯವನ್ನು ಮೆತ್ತಗೆ ಮಾಡಪ್ಪಾ ತಂದೇ."

ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿಕೊಂಡು ನಾನು ಆಮೆನ್ ಎಂದೆ. ಅನ್ನದೆ ಇರಲಾದೀತೇ?

ಕ್ರಿಸ್‌ಮಸ್ಸಿಗೆ ಇನ್ನೂ ಕೆಟ್ಟದ್ದು ಕಾದಿತ್ತು. ಅಕ್ಕ ಒಂದು ಡಬ್ಬದ ತುಂಬ ಕಜ್ಜಾಯ ಮಾಡಿ, "ಶಾಂತಪ್ಪನೋರ್ಗೆ ಕೊಟ್ಟು ಬರಾಣ ನಡೀಲಾ" ಎಂದು ಹೊರಟೇಬಿಟ್ಟಳು. ಬೇಡವೆಂದರೆ ಸಂಶಯ, ಹೋದರೆ ಹುಚ್ಚು. ನಾನೇ ಡಬ್ಬ ಹೊತ್ತು, ನನ್ನನ್ನೇ ಹುಡುಕಿಕೊಂಡು, ಬಸ್ಸಿನಲ್ಲಿ ಕೃಷ್ಣಗಿರಿಗೆ ಹೋದೆ. ಅಲ್ಲಿನ ಚರ್ಚೊಂದರಲ್ಲಿ ವಿಚಾರಿಸಿದರೆ ಶಾಂತಪ್ಪ ಯಾರೂ ಇಲ್ಲ. ಶಾಂತಕುಮಾರ್ ಎಂಬ ವಾಚ್‌ಮನ್ ಇದ್ದಾನೆ ಅಂದರು. ಅಕ್ಕನಿಗೆ ಅಷ್ಟು ಸಾಕಾಯಿತು. ಅವನ ತಲೆಯ ಮೇಲೆ ಕೈಯಿಟ್ಟು, ಅವನು ಬರೆದದ್ದನ್ನೆಲ್ಲ ಕ್ಷಮಿಸೆಂದು ಕನ್ನಡದಲ್ಲಿ ಉದ್ದಕ್ಕೆ ಪ್ರಾರ್ಥನೆ ಮಾಡಿದಳು.

"ಅಮ್ಮಾ, ಎನಕ್ಕು ಕನ್ನಡಮೇ ಪಡಿಕ್ಕ ತೆರಿಯಾದುಮ್ಮಾ" ಎಂದ ಅವನು, ಓದಲು ಬಾರದ ಭಾಷೆಯಲ್ಲಿ ತಾನು ಮಾಡಿರಬಹುದಾದ ತಪ್ಪಿಗೆ ಹೆದರಿ.

"ನಾಚ್ಕೊಂತಾವ್ನೆ ಪಾಪ" ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿ, ಡಬ್ಬವನ್ನೇ ಕೊಟ್ಟುಬಿಟ್ಟಳು. ನನಗೆ ಬರಬೇಕಾದ ಕಜ್ಜಾಯ!

ಆ ಸಿಟ್ಟು ಮನಸ್ಸಿನಲ್ಲೇ ಉಳಿದಿತ್ತು. ಒಂದು ದಿನ ಶಾಂತಪ್ಪನ ಕೈಯಿಂದ ಬರೆಸಿದೆ: 'ಅಮ್ಮಾ, ನೀವು ಬರೆಯುವುದನ್ನು ಯಾರೂ ಓದುವುದಿಲ್ಲ. ನಿಲ್ಲಿಸಿರಿ.'

ಇದು ಕೊಂಕಲ್ಲ, ನಿಜ. ಅದೇ ಅದರ ಕೆಟ್ಟತನ. ನಮ್ಮ ಮೊಮ್ಮಕ್ಕಳು ಓದಿದ್ದು ತಮಿಳು, ಇಂಗ್ಲಿಷ್. ಮನೆಯಲ್ಲಿ ಕನ್ನಡ ಆಡುತ್ತಾರೆ, ಅಕ್ಷರ ತೋರಿಸಿದರೆ ಜಾಂಗೀರಿ ನೋಡಿದ ಹಾಗೆ ನೋಡುತ್ತಾರೆ. ಚರ್ಚಿನಲ್ಲಿ ಕನ್ನಡ ಆರಾಧನೆಗೆ ಬರುವ ನಾಲ್ಕು ಬೆಂಚಿನವರು ಶುಕ್ರವಾರ ಕಿವಿಯಲ್ಲಿ ಕೇಳುತ್ತಾರೆ, ಫೋನು ತೆರೆದು ಓದುವವರಲ್ಲ. ಬ್ಲಾಗಿನ ಕೆಳಗೆ ಇಷ್ಟು ದಿನದಲ್ಲಿ ಬರೆದವನು ಒಬ್ಬನೇ, ಕೃಷ್ಣಗಿರಿಯ ಶಾಂತಪ್ಪ.

ಈ ಸಲ ಉತ್ತರ ಹತ್ತು ನಿಮಿಷಕ್ಕೆ ಬರಲಿಲ್ಲ. ಎರಡು ದಿನವಾಯಿತು. ಆಮೇಲೆ ಬಂತು: 'ನೀವು ಓದುತ್ತಿದ್ದೀರಲ್ಲ ಸಹೋದರರೇ. ಒಬ್ಬರು ಸಾಕು.'

ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದೆ.

ಅಷ್ಟರಲ್ಲಿ ಲೆಂಟ್ ಬಂತು. ಈಸ್ಟರಿಗೆ ಮುಂಚಿನ ನಲವತ್ತು ದಿನ ನಮ್ಮಲ್ಲಿ ಪ್ರತಿಯೊಬ್ಬರೂ ತಮಗೆ ಪ್ರಿಯವಾದ ಒಂದನ್ನು ಬಿಡಬೇಕು. ಸೊಸೆ ಕಾಫಿ ಬಿಟ್ಟಳು. ಅಕ್ಕ ಮೀನು ಬಿಟ್ಟಳು. "ನೀನೇನ್ ಬಿಟ್ಯಲಾ?" ಎಂದಳು.

"ಅದು ನಂಗೂ ದೇವ್ರಿಗೂ ಬುಡಕ್ಕ."

"ದೊಡ್ಡ್ ಮನ್ಸ! ಬೈಯಾದೊಂದು ಬಿಡು ಸಾಕು."

ನಾನು ಬಿಟ್ಟದ್ದು ಶಾಂತಪ್ಪನನ್ನು. ಎಂಥ ಪಶ್ಚಾತ್ತಾಪ! ಎಂಥ ಪವಿತ್ರ ಮುದುಕ! ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತ ದಿನ ಎಣಿಸಿದೆ. ಬಾಯಿಬಿಟ್ಟು ತಪ್ಪು ಒಪ್ಪಿಕೊಳ್ಳುವುದಕ್ಕಿಂತ ಸುಮ್ಮನಿರುವುದು ಎಷ್ಟು ಸುಲಭದ ಪುಣ್ಯ ಎಂಬುದು ಆಗ ಹೊಳೆಯಲಿಲ್ಲ.

ಆ ನಲವತ್ತು ದಿನದ ನಡುವೆ ಅಕ್ಕನ ಎರಡೂ ಕಣ್ಣಿಗೆ ಪೊರೆ ದಟ್ಟವಾಯಿತು. ಬರೆಯುವುದನ್ನು ಅಂದಾಜಿನಲ್ಲಿ ಹೇಗೋ ಬರೆದಳು, ಓದಲಾಗದು. ದಿನಾ ಬೆಳಿಗ್ಗೆ ಫೋನ್ ನನ್ನ ಕೈಗೆ ಕೊಟ್ಟು, "ಕೃಷ್ಣಗಿರಿಯೋರು ಏನಾರಾ ಬರ್ದವ್ರಾ ನೋಡ್ಲಾ" ಅನ್ನುವಳು.

"ಇಲ್ಲಕ್ಕ."

"ಸರ್‍ಯಾಗಿ ನೋಡು."

"ಇಲ್ಲಕ್ಕ, ಬರ್ದಿಲ್ಲ."

ಮೂರನೆಯ ವಾರ ಅವಳ ಪ್ರಾರ್ಥನೆಯ ಮಾತು ಬದಲಾಯಿತು. ಶಾಂತಪ್ಪನವರ ಹೃದಯ ಮೆತ್ತಗಾಗಲಿ ಅನ್ನಲಿಲ್ಲ; ಶಾಂತಪ್ಪನವರು ಬದುಕಿರಲಿ ಎಂದಳು. ಆಮೆನ್ ಅನ್ನುವ ಮೊದಲೇ ಎದ್ದು ಚಪ್ಪಲಿ ಮೆಟ್ಟಿಕೊಂಡೆ.

ಬಲಗಣ್ಣಿನ ಆಪರೇಷನ್ ಆಗಿ ಮನೆಗೆ ಬಂದ ದಿನ ಅಕ್ಕ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಂಚದ ಮೇಲೆ ಕೂತಿದ್ದಳು; ಎಡಗಣ್ಣಿನ ಪೊರೆ ಇನ್ನೂ ತೆಗೆದಿರಲಿಲ್ಲ. ನಾನು ಮಾತಿಗೆಂದು, "ಆಸ್ಪತ್ರೆ ಬಗ್ಗೆ ಬರೀಬೋದಲ್ಲಕ್ಕ, ಕತ್ಲೆ, ಬೆಳಕು, ಎಲ್ಲಾ ಐತಲ್ಲ" ಎಂದೆ.

"ಇಲ್ಲ ಕಣ್ಲಾ. ಇನ್ನ ಬರಿಯಲ್ಲ."

"ಯಾಕಕ್ಕ?"

"ಆ ಪುಣ್ಯಾತ್ಮ ಒಬ್ರು ಇದ್ರು. ಬೈಯ್ಯಕ್ಕಾದ್ರೂ ಓದ್ತಿದ್ರು. ಈಗ ಅವ್ರೂ ಬುಟ್ರು. ಯಾರಿಗ್ ಅಂತ ಬರೀಲಿ?"

ಅಲ್ಲಿಗೆ ನನ್ನ ಸುಲಭದ ಪುಣ್ಯ ಮುಗಿಯಿತು. ಎದ್ದು ಬಾಗಿಲು ಹಾಕಿದೆ. ಯಾಕೆ ಹಾಕಿದೆನೋ, ನಾನೇ ಓಡಿಹೋಗದಂತೆ ಇರಬೇಕು.

"ಅಕ್ಕ, ಶಾಂತಪ್ಪ ನಾನೇ."

ಅಕ್ಕ ಮಂಚದ ಅಂಚಿಗೆ ಸರಿದಳು.

"ನೀನಾ?"

"ಹೂಂ."

"ಕುಕ್ಕರ್‌ಗೆ ದೀಕ್ಷಾಸ್ನಾನ ಆಗೈತಾ ಅಂತ ಬರ್ದಿದ್ದೋನು?"

"ನಾನೇ."

"ಯಾರೂ ಓದಲ್ಲ, ನಿಲ್ಲಿಸ್ರಿ ಅಂದೋನು?"

"ನಾನೇ ಅಕ್ಕ. ತಪ್ಪಾಯ್ತು."

ಹೊಡೆಯುತ್ತಾಳೆಂದುಕೊಂಡೆ; ಅವಳಿಗೆ ಆ ಹಕ್ಕು ನನ್ನ ನಾಲ್ಕನೆಯ ವಯಸ್ಸಿನಿಂದ ಇದೆ. ಅವಳು ಮಾತ್ರ ಪಟ್ಟಿ ಕಟ್ಟಿದ ಮುಖವನ್ನು ನನ್ನ ದನಿ ಬಂದ ಕಡೆ ತಿರುಗಿಸಿ, ಮೆಲ್ಲಗೆ ಕೇಳಿದಳು:

"ಅಂಗಾದ್ರೆ ನೀನು ಎಲ್ಲಾನೂ ಓದಿದ್ಯಾ?"

"ಒಂದೂ ಬಿಟ್ಟಿಲ್ಲಕ್ಕ."

"ಒಂದಾದ್ರೂ ಚೆನ್ನಾಗಿತ್ತಾ?"

ಇಷ್ಟು ದಿನ ಅಷ್ಟೆಲ್ಲ ಬರೆದವನಿಗೆ ಈಗ ಸಿಕ್ಕಿದ್ದು ಒಂದೇ ಪದ. "ಅಮ್ಮಂದು" ಎಂದೆ. ಕೊನೆಗಾಲದಲ್ಲಿ ಅಮ್ಮನಿಗೆ ನಮ್ಮ ಹೆಸರುಗಳೂ ಮರೆತುಹೋಗಿದ್ದವು. ಆದರೂ ತುತ್ತು ಎತ್ತಿದರೆ, ಯಾರಾದರೂ ಪ್ರಾರ್ಥನೆ ಮುಗಿಸುವವರೆಗೆ ಅದನ್ನು ಕೈಯಲ್ಲೇ ಹಿಡಿದು ಕಾಯುತ್ತಿದ್ದಳು. ಅಕ್ಕ ಅದನ್ನಷ್ಟೇ ಬರೆದಿದ್ದಳು. ಕೆಳಗೆ ಪಾಠ ಬರೆದಿರಲಿಲ್ಲ.

"ಅದ್ಕೆ ಶಾಂತಪ್ಪ ಏನೂ ಬರ್ದಿರ್ಲಿಲ್ಲ" ಎಂದಳು ಅಕ್ಕ. ಅವಳಿಗೆ ಅದೂ ನೆನಪಿತ್ತು.

"ಬರಿಯಕ್ಕಾಗ್ಲಿಲ್ಲಕ್ಕ. ಅಳ್ತಾ ಕೂತಿದ್ದೆ."

ಪಟ್ಟಿಯ ಅಂಚಿನಿಂದ ಕೆನ್ನೆಯ ಮೇಲೆ ನೀರಿಳಿಯಿತು. "ಕಣ್ಣಲ್ಲಿ ನೀರು ಬರ್‍ಬಾರ್‍ದು ಅಂದವ್ರೆ ಡಾಕ್ಟ್ರು, ಇವತ್ತೇ ಹೇಳ್ಬೇಕಿತ್ತಾ ಮೂದೇವಿ!" ಎಂದಳು. ನಾನು ಹತ್ತಿ ತಂದು ಅವಳ ಕೆನ್ನೆ ಒರೆಸಿದೆ. ಅವಳು ಕೈ ಚಾಚಿ, ಗಾಳಿಯಲ್ಲಿ ತಡಕಿ ತಡಕಿ ನನ್ನ ಮುಖ ಹುಡುಕಿಕೊಂಡು, ಸೆರಗಿನಿಂದ ನನ್ನದನ್ನು ಒರೆಸಿದಳು.