ನಾಗರಾಜಪ್ಪ ರುಬ್ಬಿದ ಚಟ್ನಿ

ತಪ್ಪು ಸಾದಿಕ್ ಮೇಷ್ಟ್ರದೂ ಅಲ್ಲ, ಅವರ ಡಬ್ಬಿಯೊಳಗಿದ್ದ ದೋಸೆಯದೂ ಅಲ್ಲ. ಶುಕ್ರವಾರ ಮಧ್ಯಾಹ್ನ ಬಸವಾಪಟ್ಟಣದ ಪ್ರೌಢಶಾಲೆಯೊಂದರ ಸ್ಟಾಫ್‌ರೂಮಿನಲ್ಲಿ ಅವರು ಪ್ರೀತಿಯಿಂದ ಅರ್ಧ ದೋಸೆ ಮುರಿದು ಗುಮಾಸ್ತ ನಾಗರಾಜಪ್ಪನಿಗೆ ಕೊಟ್ಟರು. ನಾಗರಾಜಪ್ಪ ಅದನ್ನು ಚಟ್ನಿಗೆ ಅದ್ದಿ ಬಾಯಿಗಿಟ್ಟ, ಕಣ್ಣು ಮುಚ್ಚಿದ, ಮಣ್ಣಿಗೆ ಹೋಗಿ ಬಂದವನಂತೆ ನಿಟ್ಟುಸಿರು ಬಿಟ್ಟ.

"ಮಿಕ್ಸಿ," ಅಂದ.

ಎಲ್ಲರೂ ಗಡಿಯಾರ ನೋಡಿಕೊಂಡರು. ಇನ್ನು ಬೆಲ್ ಹೊಡೆಯುವವರೆಗೂ ಬಿಡುಗಡೆಯಿಲ್ಲವೆಂದು ಅವರಿಗೆ ಅನುಭವದಿಂದ ಗೊತ್ತಿತ್ತು. ನಾಗರಾಜಪ್ಪನ ಬಾಲ್ಯ ಪಠ್ಯಪುಸ್ತಕದಲ್ಲಿ ಇರದಿದ್ದರೂ ಆ ಶಾಲೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಕತ್ತಲಗೆರೆಯ ಮನೆ, ಗಡಿಗೆಯ ತಣ್ಣೀರು, ಹಂಡೆಯ ಬಿಸಿನೀರು, ಕೊನೆಗೆ ಅವ್ವ ಒರಳುಕಲ್ಲಿನಲ್ಲಿ ರುಬ್ಬುತ್ತಿದ್ದ ಕಾಯಿಚಟ್ನಿ.

"ಅವ್ವ ಒಳ್ಳುಕಲ್ಲಾಗೆ ರುಬ್ಬಿದ್ದು ತಿಂದ ನಾಲಿಗೆ ಸಾರ್ ಇದು. ಮಿಕ್ಸಿ ಚಟ್ನಿ ಅಂದ್ರೆ ಗೋಡೆಗೆ ಬಳಿಯೋ ಸುಣ್ಣ ಇದ್ದಂಗೆ. ಕಲ್ಲಿನ ರುಚಿನೇ ಬೇರೆ!"

ಹೆಡ್‌ಮಾಸ್ಟರ್ ಹನುಮಂತಪ್ಪನವರು ಕನ್ನಡಕ ತೆಗೆದಿಟ್ಟರು. "ಎಷ್ಟು ವರ್ಷದಿಂದ ಬರೀ ಕೇಳ್ತಾನೇ ಇದೀವಲ್ಲ ನಾಗರಾಜಪ್ಪ, ತಿನ್ನೋದು ಯಾವಾಗ? ಭಾನುವಾರ ಬೆಳಿಗ್ಗೆ ನಾನು, ಸಾದಿಕ್ ನಿಮ್ಮನಿಗೆ ಬರ್ತೀವಿ. ಒಳ್ಳಾಗೆ ರುಬ್ಬಿರ್ಬೇಕು ನೋಡ್ರಿ."

ಮನೆಯಲ್ಲಿ ಸುದ್ದಿ ತಿಳಿಸಿದಾಗ ಹೆಂಡತಿ ನೇತ್ರಾವತಿ ಒಂದೇ ಪ್ರಶ್ನೆ ಕೇಳಿದಳು. "ರುಬ್ಬೋರು ಯಾರು?"

"ಯಾರು ಅಂದ್ರೆ... ಆಗಿನ ಕಾಲದಾಗೆ ಹೆಂಗಸರು..."

"ಅತ್ತೆಗೆ ಎಪ್ಪತ್ತೈದಾತು. ನಂಗೆ ಮಂಡಿ ಬಗ್ಗಲ್ಲ. ದಿನಾ ಬಾಯಾಗೆ ರುಬ್ಬೋರು ನೀವಲ್ವಾ? ಇದೊಂದಿನ ಕೈಯಾಗೆ ರುಬ್ರಿ."

ಮೂಲೆಯಲ್ಲಿ ಕೂತಿದ್ದ ತಾಯಿ ಅಜ್ಜಮ್ಮ, "ಸುಮ್ನೆ ಮಿಕ್ಸಿಗೆ ಹಾಕ್ಸೋ," ಅಂದರು. ಮಾನದ ಪ್ರಶ್ನೆಯಾದ್ದರಿಂದ ನಾಗರಾಜಪ್ಪನಿಗೆ ಅದು ಕೇಳಿಸಲಿಲ್ಲ.

ಭಾನುವಾರ ಬೆಳಗಾಯಿತು. ಒರಳುಕಲ್ಲಿದ್ದದ್ದು ಪಕ್ಕದ ಮನೆಯ ಸಾವಂತ್ರಮ್ಮನ ಹಿತ್ತಿಲಲ್ಲಿ. ಅದರಲ್ಲಿ ಆಕೆಯ ಕೋಳಿಗಳು ನೀರು ಕುಡಿಯುತ್ತಿದ್ದವು.

"ತಗಂಡು ಹೋಗ್ರಿ, ಬ್ಯಾಡ ಅನ್ನಲ್ಲ. ಆದ್ರೆ ನಮ್ಮ ಕೋಳಿ ಯಾವುದ್ರಾಗೆ ನೀರು ಕುಡೀಬೇಕು?" ಅಂದಳು ಸಾವಂತ್ರಮ್ಮ.

ನಾಗರಾಜಪ್ಪ ಹೆಂಡತಿಗೆ ಕಾಣದಂತೆ ಹೊಸ ಸ್ಟೀಲ್ ಬೋಗುಣಿ ತಂದು ಕೋಳಿಗಳ ಮುಂದಿಟ್ಟ. ಅಲ್ಲಿಂದ ಕಲ್ಲನ್ನು ಉರುಳಿಸಿಕೊಂಡು ತನ್ನ ಅಂಗಳಕ್ಕೆ ಬರುವಷ್ಟರಲ್ಲಿ ಅದು ಅವನ ಕಾಲಿನ ಹೆಬ್ಬೆರಳನ್ನು ಎರಡು ಸಲ ಮಾತಾಡಿಸಿತ್ತು. ಮೂರು ಕೊಡ ನೀರು ಹಾಕಿ, ತೆಂಗಿನ ನಾರಿನಿಂದ ತಿಕ್ಕಿ, ಕಾಯಿತುರಿ, ಹುರಿಗಡಲೆ, ಹಸಿಮೆಣಸಿನಕಾಯಿ ಸುರಿದು ಗುಂಡುಕಲ್ಲು ಹಿಡಿದು ಕೂತ.

ಸಾವಂತ್ರಮ್ಮ ಕಾಂಪೌಂಡಿನ ಮೇಲೆ ಮೊಣಕೈಯೂರಿ ನಿಂತಳು. "ಅಯ್ಯೋ, ಹಂಗೆ ಕುಟ್ಟಬ್ಯಾಡ್ರಿ, ತಿರುಗಿಸ್ರಿ! ಒಂದು ಕೈಯಾಗೆ ತಿರುಗಿಸಿ ಇನ್ನೊಂದು ಕೈಯಾಗೆ ತಳ್ಳಬೇಕು. ಸಣ್ಣೋರಿದ್ದಾಗ ನೋಡಿಲ್ವೇನ್ರಿ?"

ನೋಡಿದ್ದ. ಆದರೆ ಏನು ನೋಡಿದ್ದ ಎಂದು ನೆನಪಿಸಿಕೊಳ್ಳಲು ಹೋದಾಗ ಅವನಿಗೆ ನಾಚಿಕೆಯಾಯಿತು. ಒರಳುಕಲ್ಲಿನ ವಿಷಯದಲ್ಲಿ ಅವನು ಬಾಲ್ಯದಲ್ಲಿ ಮಾಡಿದ್ದ ಒಂದೇ ಒಂದು ಕೆಲಸವೆಂದರೆ ಕೊನೆಯಲ್ಲಿ ಗುಂಡುಕಲ್ಲಿಗೆ ಅಂಟಿದ ಚಟ್ನಿಯನ್ನು ನೆಕ್ಕುವುದು. ಅಷ್ಟು ಬಂಡವಾಳದ ಮೇಲೆ ಇಪ್ಪತ್ತು ವರ್ಷ ಭಾಷಣ ಮಾಡಿದ್ದ.

ಕಾಯಿತುರಿ ಮಳೆಗಾಲದ ಕಪ್ಪೆಗಳಂತೆ ನಾಲ್ಕೂ ದಿಕ್ಕಿಗೆ ಹಾರಿತು. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಬೆವರು ಒರೆಸಿಕೊಳ್ಳಲು ಹೋಗಿ ಮೆಣಸಿನಕಾಯಿ ಕೈಯನ್ನು ಕಣ್ಣಿಗೇ ಇಟ್ಟುಕೊಂಡ. ಹೆಡ್‌ಮಾಸ್ಟರೂ ಸಾದಿಕ್ ಮೇಷ್ಟ್ರೂ ಗೇಟು ತೆರೆದು ಒಳಗೆ ಬಂದಾಗ ಅವನ ಎರಡೂ ಕಣ್ಣಲ್ಲಿ ಧಾರಾಕಾರ ನೀರು.

"ಪಾಪ, ಬಾಲ್ಯ ಭಾಳ ನೆನಪಾಗೈತೆ," ಅಂದರು ಹೆಡ್‌ಮಾಸ್ಟರು ಸಾದಿಕ್ ಮೇಷ್ಟ್ರ ಕಿವಿಯಲ್ಲಿ.

ಅರ್ಧ ಗಂಟೆಯಾದರೂ ಕಲ್ಲಿನಲ್ಲಿ ಕಡಲೆ ಕಡಲೆಯಾಗಿಯೇ ಇತ್ತು. ಕಾವಲಿ ಕಾದು ಹೊಗೆಯಾಡುತ್ತಿತ್ತು. ನೇತ್ರಾವತಿ ತಡೆಯಲಾರದೆ ಒಳಗೆ ಮಿಕ್ಸಿ ಹಾಕಿದಳು. ಎರಡೇ ನಿಮಿಷಕ್ಕೆ ಚಟ್ನಿ ತಯಾರಾಯಿತು. ಆ ಸದ್ದು ಬೀದಿಗೆಲ್ಲ ಕೇಳಿಸಿತು.

ಅದೇ ಹೊತ್ತಿಗೆ ನಾಗರಾಜಪ್ಪನೂ ತನ್ನ ಚಟ್ನಿಯನ್ನು ಬಳಿದು ತಂದ. ಎರಡು ಬಟ್ಟಲು ಪಕ್ಕಪಕ್ಕ ಕೂತದ್ದನ್ನು ಕಂಡು ಸಾದಿಕ್ ಮೇಷ್ಟ್ರ ಮುಖ ಅರಳಿತು.

"ನಾಗರಾಜಪ್ಪೋರೇ, ಕಣ್ಣು ಕಟ್ಟಿದ್ರೆ ಯಾವ್ದು ಕಲ್ಲಿಂದು, ಯಾವ್ದು ಮಿಕ್ಸಿದು ಹೇಳ್ತೀರಾ?"

"ನಿದ್ದೆಗಣ್ಣಾಗೂ ಹೇಳ್ತೀನಿ ಸಾರ್."

ಹೆಡ್‌ಮಾಸ್ಟರು ತಮ್ಮ ಟವಲ್ಲಿನಿಂದಲೇ ಅವನ ಕಣ್ಣು ಕಟ್ಟಿದರು. ಸಾದಿಕ್ ಮೇಷ್ಟ್ರು ಮೊದಲ ಬಟ್ಟಲಿನ ಚಟ್ನಿಯನ್ನು ದೋಸೆಯ ತುಂಡಿಗೆ ಹಚ್ಚಿ ಬಾಯಿಗಿಟ್ಟರು. ನಾಗರಾಜಪ್ಪನ ಮುಖ ಹಿಂಡಿದ ನಿಂಬೆಹಣ್ಣಾಯಿತು.

"ಮಿಕ್ಸಿ! ಎರಡು ಮಾತೇ ಇಲ್ಲ. ರುಚಿಯಿಲ್ಲ, ಹದವಿಲ್ಲ. ದನಕ್ಕೂ ಹಾಕಬಾರ್ದು."

ಎರಡನೇ ಬಟ್ಟಲಿನದು ನಾಲಿಗೆಗೆ ತಾಗಿದ ಕೂಡಲೇ ಅವನು ತಲೆದೂಗಿದ. "ಇದು ನೋಡ್ರಿ! ಇದು ನಮ್ಮವ್ವನ ಕೈರುಚಿ! ಕಲ್ಲು ಅಂದ್ರೆ ಇದು!"

ಟವಲ್ಲು ಬಿಚ್ಚಿದರು. ದನಕ್ಕೂ ಹಾಕಬಾರದ ಬಟ್ಟಲು ಅವನದೇ ಆಗಿತ್ತು. ಹೆಡ್‌ಮಾಸ್ಟರು ಗೋಡೆ ಹಿಡಿದುಕೊಂಡು ನಕ್ಕರು. ನಗಲು ಸೌಕರ್ಯವಾಗಲೆಂದು ಸಾವಂತ್ರಮ್ಮ ಕಾಂಪೌಂಡು ಬಿಟ್ಟು ಒಳಗೇ ಬಂದಳು.

ಮುಳುಗುವವನಿಗೆ ಕಂಡದ್ದು ತಾಯಿಯೊಬ್ಬಳೇ. "ಅವ್ವಾ, ನೀನಾದ್ರೂ ಹೇಳು. ನಾನು ಸಣ್ಣೋನಿದ್ದಾಗ ತಿಂದಿದ್ದು ಈ ಎರಡನೇದರ ರುಚಿನೇ ಅಲ್ವಾ?"

ಅಜ್ಜಮ್ಮ ಬೆರಳ ತುದಿಯಿಂದ ಮಿಕ್ಸಿ ಚಟ್ನಿ ನೆಕ್ಕಿ ನೋಡಿದರು. "ಹೌದಪ್ಪಾ, ಇದೇ ರುಚಿ. ನಿನ್ನ ನಾಲಿಗೆ ಸುಳ್ಳು ಹೇಳಿಲ್ಲ."

ನಾಗರಾಜಪ್ಪ ಎದೆ ಸೆಟೆಸಿ ಹೆಡ್‌ಮಾಸ್ಟರ ಕಡೆ ನೋಡಿದ.

"ಅದೂ ಮಿಕ್ಸಿದೇ," ಅಂದರು ಅಜ್ಜಮ್ಮ.

"ಏನವ್ವಾ?"

"ನಿಂಗಿನ್ನೂ ಹಲ್ಲು ಬಂದಿರ್ಲಿಲ್ಲ, ಭದ್ರಾವತಿಯಿಂದ ನಮ್ಮಣ್ಣ ಒಂದು ಮಿಕ್ಸಿ ತಂದುಕೊಟ್ಟಿದ್ದ. ನಮ್ಮತ್ತೆಗೆ ಮಿಕ್ಸಿ ಅಂದ್ರೆ ಆಗ್ತಿರ್ಲಿಲ್ಲ. ಕಲ್ಲಿಂದೇ ಆಗ್ಬೇಕು. ಜೋಳದ ಚೀಲದ ಹಿಂದೆ ಬಚ್ಚಿಟ್ಟಿದ್ದೆ. ಎದುರಿಗೆ ಹಿಟ್ಟಿನ ಗಿರಣಿ ಇತ್ತಲ್ಲ, ಅದು ಚಾಲೂ ಆದ ಕೂಡ್ಲೆ ನಾನೂ ಗರ್ರ್ ಅನ್ಸಿಬಿಡ್ತಿದ್ದೆ. ಆಮ್ಯಾಲೆ ಒಳ್ಳಿಗೆ ಸುರುವಿ, ಅತ್ತೆ ಬಂದಾಗ ನಾಲ್ಕು ಸುತ್ತು ಗುಂಡು ತಿರುಗಿಸ್ತಿದ್ದೆ. ಪಾಪ, ಸಾಯೋಗಂಟ ಆಯಮ್ಮನೂ ನಿನ್ನಂಗೇ 'ಕಲ್ಲಿನ ರುಚಿನೇ ಬೇರೆ' ಅಂತಿದ್ಲು."

ನೇತ್ರಾವತಿ ಅತ್ತೆಯ ಪಕ್ಕಕ್ಕೆ ಹೋಗಿ ಕೂತಳು. ಮದುವೆಯಾದಂದಿನಿಂದ ಅವಳು ಅತ್ತೆಯನ್ನು ಅಷ್ಟು ಪ್ರೀತಿಯಿಂದ ನೋಡಿದ್ದು ಅದೇ ಮೊದಲು.

"ನಂಗ್ಯಾಕವ್ವಾ ಇಷ್ಟು ದಿನ ಹೇಳ್ಲಿಲ್ಲ?" ಅಂದ ನಾಗರಾಜಪ್ಪ.

"ನಿಂಗೆ ಹೇಳಿದ್ರೆ ಊರಿಗೆಲ್ಲಾ ಹೇಳ್ತಿದ್ದೆ. ಬಾಯಿ ಆವಾಗ್ಲೂ ಹಿಂಗೇ ಇತ್ತು."

ಮಿಕ್ಸಿ ಚಟ್ನಿ ಖಾಲಿಯಾಯಿತು. ಹೆಡ್‌ಮಾಸ್ಟರು ಏಳನೇ ದೋಸೆಗೆ ಜಾರಿನ ತಳವನ್ನೂ ಬಳಿಸಿದರು. ಎಲ್ಲರೂ ಹೋದ ಮೇಲೆ ನೇತ್ರಾವತಿ ತಟ್ಟೆಗೆ ಆರಿದ ಎರಡು ದೋಸೆ ಹಾಕಿ, ಗಂಡನ ಮುಂದೆ ಅವನ ಬಟ್ಟಲನ್ನೇ ತುಂಬಿದ ಹಾಗೆಯೇ ತಂದಿಟ್ಟಳು. "ಕಷ್ಟಪಟ್ಟು ರುಬ್ಬಿದೀರಿ. ಚೆಲ್ಲಬಾರ್ದು."

ನಾಗರಾಜಪ್ಪ ಬೊಬ್ಬೆಯೆದ್ದ ಕೈಯಲ್ಲಿ ದೋಸೆ ಮುರಿದು, ಅದ್ದಿ, ಬಾಯಿಗಿಟ್ಟು ಅಗಿದ. ಹಲ್ಲಿನ ನಡುವೆ ಏನೋ ಕಟಕ್ ಎಂದಿತು. ನಲವತ್ತನಾಲ್ಕು ವರ್ಷದ ಬಾಳಿನಲ್ಲಿ ಕಲ್ಲಿನ ರುಚಿ ಹೇಗಿರುತ್ತದೆಂದು ಅವನಿಗೆ ಗೊತ್ತಾದದ್ದು ಆಗಲೇ.