ಹಪ್ಪಳದ ನೀಲಿನಕ್ಷೆ

ಇಡೀ ಹಾಸನದಲ್ಲಿ ಸೂರ್ಯನ ಕೈಲಿ ಗುಮಾಸ್ತಗಿರಿ ಮಾಡಿಸುವವನು ತಾನೊಬ್ಬನೇ ಎಂಬುದು ಚನ್ನಪ್ಪನ ಹೆಮ್ಮೆ. ಎಂಜಿನಿಯರ್ ಆಫೀಸಿನಲ್ಲಿ ಅವನದು ನಕ್ಷೆ ತಿದ್ದುವ ಕೆಲಸ. ದೊಡ್ಡವರು ಪೆನ್ಸಿಲಿನಲ್ಲಿ ಗೀಚಿಕೊಟ್ಟ ಸೇತುವೆ, ಮೋರಿಗಳನ್ನು ಅವನು ಬೆಳಕು ಹಾಯುವಂಥ ತೆಳುಬಟ್ಟೆಯ ಮೇಲೆ ಕಪ್ಪು ಮಸಿಯಲ್ಲಿ ಬರೆಯುತ್ತಿದ್ದ. ಆ ಬಟ್ಟೆಯನ್ನು ಔಷಧಿ ಬಳಿದ ಕಾಗದದ ಮೇಲೆ ಹಾಸಿ, ಗಾಜಿನ ಚೌಕಟ್ಟಿನಲ್ಲಿ ಬಿಗಿದು ಬಿಸಿಲಿಗೆ ಇಟ್ಟರೆ ಮುಂದಿನದೆಲ್ಲ ಸೂರ್ಯನ ಪಾಲು. ಆಮೇಲೆ ಕಾಗದವನ್ನು ನೀರಿನಲ್ಲಿ ಅದ್ದಿ ತೆಗೆದರೆ ಅಚ್ಚ ನೀಲಿಯ ಮೇಲೆ ಬಿಳಿ ಗೆರೆಯ ಸೇತುವೆ ಎದ್ದು ನಿಲ್ಲುತ್ತಿತ್ತು. ನೀಲಿನಕ್ಷೆ ಎಂದು ಜನ ಹೇಳುವುದು ಇದಕ್ಕೇ.

ಐವತ್ತೆಂಟನೆಯ ಇಸವಿಯ ಬೇಸಿಗೆ. ಅರಕಲಗೂಡಿನ ದಾರಿಯಲ್ಲಿ ಒಂದು ಹಳ್ಳಕ್ಕೆ ಸೇತುವೆಯಾಗಬೇಕಿತ್ತು. ಜಾಗ ನೋಡಲು ಬೆಂಗಳೂರಿನಿಂದ ಮೇಲಧಿಕಾರಿಗಳು ಸೋಮವಾರ ಬರುವವರಿದ್ದರು. ಶನಿವಾರ ಸಂಜೆ ಎಂಜಿನಿಯರ್ ಪಂಚಾಕ್ಷರಯ್ಯನವರು "ನಕಲುಗಳೆಲ್ಲಿ?" ಎಂದು ಕೇಳಿದಾಗ ಆಫೀಸಿನವರೆಲ್ಲ ಮುಳುಗುತ್ತಿದ್ದ ಸೂರ್ಯನ ಕಡೆ ನೋಡಿದರು.

"ನಾಳೆ ಭಾನುವಾರ ನಮ್ಮ ಮನೆ ತಾರಸಿ ಮೇಲೇ ತೆಗ್ದುಬುಡ್ತೀನಿ ಸಾ," ಎಂದ ಚನ್ನಪ್ಪ. "ಸೋಮವಾರ ನೀವು ಬರೋ ಒತ್ಗೆ ಆರು ನಕಲು ಮೇಜಿನ ಮೇಲಿರ್ತವೆ. ಸೂರ್ಯ ನನ್ನ ಮಾತು ಮೀರಾಕಿಲ್ಲ."

"ಕಾಗದ ಸರ್ಕಾರದ್ದು," ಎಂದರು ಪಂಚಾಕ್ಷರಯ್ಯನವರು. "ಹಾಳೆಗೆ ಹಾಳೆ ಜವಾಬು ಕೊಡಬೇಕಾಗುತ್ತೆ."

ಚನ್ನಪ್ಪನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಮಾಡಬೇಕೋ ಮನೆಗೆ ಕಳಿಸಬೇಕೋ ಎಂಬುದು ಇದೇ ಪಂಚಾಕ್ಷರಯ್ಯನವರ ಒಂದು ಮಾತಿನ ಮೇಲೆ ನಿಂತಿತ್ತು. ಆದರೂ ಅವನು ಎದೆಯುಬ್ಬಿಸಿಕೊಂಡೇ ಚೌಕಟ್ಟನ್ನು ಹೆಗಲ ಮೇಲಿಟ್ಟು, ಕರಿಬಟ್ಟೆಯಲ್ಲಿ ಸುತ್ತಿದ ಕಾಗದವನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ನಡೆದ.

ಮನೆಯಲ್ಲಿ ತಾರಸಿ ಆಗಲೇ ಬೇರೆಯವರ ಸ್ವಾಧೀನವಾಗಿತ್ತು. ಹೆಂಡತಿ ಪುಟ್ಟತಾಯಮ್ಮ ಕೊರವಂಗಲದ ರೈತರ ಮನೆಯ ಮಗಳು. ತಂಗಿಯ ಮದುವೆಗೆ ಹಪ್ಪಳ ಮಾಡಿಕೊಡುತ್ತೇನೆಂದು ತವರಿಗೆ ಮಾತು ಕೊಟ್ಟಿದ್ದಳು. ಉದ್ದಿನ ಹಿಟ್ಟು ಕಲಸಿ, ಎಣ್ಣೆ ಕೈಯಲ್ಲಿ ಕುಟ್ಟಿ ಕುಟ್ಟಿ ಹದ ಮಾಡಿಟ್ಟಿದ್ದಳು.

"ನಾಳೆ ತಾರಸಿ ನಂದು," ಎಂದ ಚನ್ನಪ್ಪ. "ಬಿಸ್ಲು ಬೇಕು. ಸರ್ಕಾರಿ ಕೆಲ್ಸ."

"ಬಿಸ್ಲೇನು ನಿಮ್ಮ ಆಫೀಸ್ನೋರು ಸಂಬಳ ಕೊಟ್ಟು ಇಟ್ಕಂಡಿರೋದಾ?"

"ನಿಂಗೆ ಬರೀ ಬಿಸ್ಲು ಕಾಣ್ತದೆ. ನಂಗೆ ಅದ್ರೊಳಗಿರೋ ಕಿರಣ ಬೇಕು."

"ಕಿರಣ ನೀವು ತಗಳಿ. ಕಾವು ನಂಗೆ ಬುಡಿ."

ಕೊನೆಗೆ ತಾರಸಿ ಇಬ್ಭಾಗವಾಯಿತು. ಮೂಡಲ ದಿಕ್ಕು ಸೇತುವೆಗೆ, ಪಡುವಲು ಹಪ್ಪಳಕ್ಕೆ.

ಬೆಳಿಗ್ಗೆ ಚನ್ನಪ್ಪ ಉಗ್ರಾಣದ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡ. ಕತ್ತಲಲ್ಲೇ ಕಾಗದವನ್ನು ಆರು ಹಾಳೆಯಾಗಿ ಕತ್ತರಿಸಿ, ಒಂದು ಹಾಳೆಯನ್ನು ನಕ್ಷೆಯ ತೆಳುಬಟ್ಟೆಯ ಜೊತೆ ಚೌಕಟ್ಟಿಗೆ ಸೇರಿಸಿ, ಬೆಳಕು ತಾಗದಂತೆ ಮೇಲೆ ಕಂಬಳಿ ಹೊದಿಸಿ ತಾರಸಿಗೆ ತಂದ. ಆ ಕಂಬಳಿ ಸರಿಸುವ ಮೊದಲು ಹೆಂಡತಿಗೆ ಒಂದು ಪಾಠ ಹೇಳದೆ ಅವನಿಂದ ಇರಲಾಗಲಿಲ್ಲ.

"ಮಳೆಬಿಲ್ಲಲ್ಲಿ ಏಳು ಬಣ್ಣ ಕಾಣ್ತವಲ್ಲ, ಅಷ್ಟೇ ಬೆಳಕು ಅಂದ್ಕಬ್ಯಾಡ. ಕೆಂಪಿನ ಈಚೆಗೂ ಐತೆ, ನೇರಳೆ ಆಚೆಗೂ ಐತೆ. ನಮ್ಮ ಕಣ್ಣಿಗೆ ಬೀಳಾಕಿಲ್ಲ ಅಷ್ಟೆ."

"ಕಣ್ಣಿಗೆ ಬೀಳ್ದೆ ಇರೋದು ಐತೆ ಅಂತ ಎಂಗೆ ಗೊತ್ತು?"

"ಒಲೆ ಮುಂದೆ ಕಣ್ಮುಚ್ಕಂಡು ಕೂತ್ರೂ ಮೊಕಕ್ಕೆ ಕಾವು ಬಡೀತದಲ್ಲ, ಅದು ಕೆಂಪಿನ ಈಚೇದು. ಅದಕ್ಕೂ ಎಷ್ಟೋ ಈಚೆ ಇರೋ ಅಲೆ ಮೇಲೆ ಕೂತ್ಕಂಡು ಹಾಡು ಹೋಟ್ಲು ರೇಡಿಯೋಗೆ ಬತ್ತದೆ. ನಿಮ್ಮಣ್ಣ ಗಾಡಿಯಿಂದ ಬಿದ್ದಾಗ ಆಸ್ಪತ್ರೇಲಿ ಮೂಳೆ ಪಟ ತೆಗುದ್ರಲ್ಲ, ಅದು ನೇರಳೆಗಿಂತ ಬಲು ಆಚೇದು. ಎಲ್ಲ ಒಂದೇ ತಾಯಿ ಮಕ್ಕಳು. ಈ ಕಾಗದಕ್ಕೆ ಬೇಕಾಗಿರೋನು ನೇರಳೆ ಪಕ್ಕದ ಮನೆಯೋನು."

ಪುಟ್ಟತಾಯಮ್ಮ ಲಟ್ಟಣಿಗೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಅಣ್ಣನ ತೋಳಿನ ಮೂಳೆ ಕರಿಯ ಹಾಳೆಯ ಮೇಲೆ ಬೆಳ್ಳಗೆ ಕಂಡದ್ದನ್ನು ಅವಳು ಮರೆತಿರಲಿಲ್ಲ. ಚರ್ಮ ಸೀಳದೆ ಒಳಗಿನದನ್ನು ನೋಡಿಬಂದ ಆ ಬೆಳಕೂ, ದಿನಾ ಬೆಳಿಗ್ಗೆ ತನ್ನ ಕೆನ್ನೆ ಬಿಸಿ ಮಾಡುವ ಒಲೆಯ ಕಾವೂ ಒಡಹುಟ್ಟಿದವೇ?

"ಇಷ್ಟೆಲ್ಲ ನಮ್ಮ ಸುತ್ತ ಓಡಾಡ್ತಾ ಇರ್ತವಾ?" ಎಂದು ಮೆಲ್ಲಗೆ ಕೇಳಿದಳು.

"ಈಗ್ಲೂ ಓಡಾಡ್ತಾವೆ. ಈ ಚೌಕಟ್ಟೊಂದು ಮುಟ್ಟಬ್ಯಾಡ, ತಿಳೀತಾ?"

ಮೊದಲ ನಕಲು ತೊಟ್ಟಿಯ ನೀರಿನಲ್ಲಿ ಮುಳುಗಿ ಎದ್ದಾಗ ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. ನೀರೊಳಗೇ ನೀಲಿ ದಟ್ಟವಾಗುತ್ತ ಹೋಯಿತು. ಸೇತುವೆಯ ಕಮಾನುಗಳು ಒಂದೊಂದಾಗಿ ಬಿಳಿಯಾಗಿ ಮೂಡಿದವು. ಅವಳು ಮೂಗಿನ ಮೇಲೆ ಬೆರಳಿಟ್ಟುಕೊಂಡು ನಿಂತಳು. ಚನ್ನಪ್ಪನಿಗೆ ಆ ನೀಲಿಯನ್ನು ತಾನೇ ಹುಟ್ಟಿಸಿದಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಮೋಡ ಬಂತು. ಮಾತು ಮೀರದ ಸೂರ್ಯ ಮುಸುಕು ಹಾಕಿಕೊಂಡು ಕೂತ. ಕಾದು ಕಾದು ಬೇಸತ್ತ ಚನ್ನಪ್ಪ ಕೆಳಗಿಳಿದು ಬಂದು ಮುದ್ದೆ, ಮಸ್ಸೊಪ್ಪು ಉಂಡ. ಭಾನುವಾರದ ಮುದ್ದೆ ಉಂಡವನಿಗೆ ಗೋಡೆಗೆ ಒರಗಿದರೆ ಸಾಕು. ಕಣ್ಣೊಂದು ಗಳಿಗೆ ಮುಚ್ಚುತ್ತೇನೆ ಎಂದುಕೊಂಡ, ಗೊರಕೆ ಹೊಡೆದ.

ಮೋಡ ಸರಿದು ರಣಬಿಸಿಲು ಬಿದ್ದಾಗ ತಾರಸಿಯಲ್ಲಿದ್ದವಳು ಪುಟ್ಟತಾಯಮ್ಮ. ಹಾಸಿದ ಹಳೆ ಸೀರೆ ತುಂಬಿಹೋಗಿತ್ತು. ಲಟ್ಟಿಸಿಟ್ಟ ಹಪ್ಪಳ ಇನ್ನೂ ಮೊರದ ತುಂಬ ಉಳಿದಿತ್ತು. ಗಂಡ ಆಫೀಸಿನಿಂದ ಆಗಾಗ ರದ್ದಿ ಕಾಗದ ತರುವುದುಂಟು. ಗೂಡಿನ ಹಲಗೆಗಳಿಗೆ ಅವಳು ಹಾಸುತ್ತಿದ್ದುದು ಅದನ್ನೇ. ಉಗ್ರಾಣಕ್ಕೆ ಹೋಗಿ ತಡಕಿದಳು. ಕರಿಬಟ್ಟೆಯೊಳಗೆ ದಪ್ಪನೆಯ, ಒಳ್ಳೆ ಹಾಳೆಗಳು ಕೈಗೆ ಸಿಕ್ಕವು. ಒಂದು ಮಗ್ಗುಲಿಗೆ ಹಸಿರುಗಟ್ಟಿದ ಹಳದಿ ಬಣ್ಣ. ಹಳೇದಾಗಿ ಬಣ್ಣ ಕೆಟ್ಟಿರಬೇಕು ಎಂದುಕೊಂಡಳು. ಆ ಮಗ್ಗುಲೇ ನುಣುಪಾಗಿದೆ ಎಂದು ಅದನ್ನೇ ಮೇಲೆ ಮಾಡಿ ತಾರಸಿಯಲ್ಲಿ ಹಾಸಿದಳು. ಸಾಲುಸಾಲಾಗಿ ಹಪ್ಪಳ ಹರವಿದಳು. ಗಾಳಿಗೆ ಹಾರದಿರಲೆಂದು ಮೂಲೆಗೊಂದು ಕಲ್ಲು, ಕಾಗೆ ಹತ್ತಿರ ಬರದಿರಲೆಂದು ಅಲ್ಲಲ್ಲಿ ಬೇವಿನ ಸೊಪ್ಪಿನ ಎಸಳು ಇಟ್ಟಳು. ಗಾಜಿನ ಚೌಕಟ್ಟಿನ ಹತ್ತಿರ ಮಾತ್ರ ಸುಳಿಯಲಿಲ್ಲ. ಗಂಡ ಹೇಳಿದ ಮಾತು ಮಾತೇ.

ಚನ್ನಪ್ಪ ಎದ್ದು ಉಗ್ರಾಣಕ್ಕೆ ಹೋದ. ಕರಿಬಟ್ಟೆ ಮಾತ್ರ ಬಿದ್ದಿತ್ತು. ಏಣಿಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ತಾರಸಿಗೆ ಬಂದವನು ಅಲ್ಲೇ ಕುಕ್ಕರಿಸಿದ. ಸರ್ಕಾರದ ಐದು ಹಾಳೆಗಳು ಬಿಸಿಲು ಕುಡಿದು ಬೂದಿ ಬಣ್ಣಕ್ಕೆ ತಿರುಗಿದ್ದವು.

"ಏನು ಮಾಡ್ಬುಟ್ಟೆ ಪುಟ್ಟತಾಯಿ?"

"ಯಾಕೆ, ಒಳ್ಳೆ ಬಿಸ್ಲು ಬಂತು, ಹರವ್ದೆ."

"ಮುಟ್ಟಬ್ಯಾಡ ಅಂತ ಯೋಳಿರ್ನಿಲ್ವಾ?"

"ಚೌಕಟ್ಟು ಮುಟ್ಟಬ್ಯಾಡ ಅಂದ್ರಿ, ಮುಟ್ನಿಲ್ಲ. ಕಾಗದದ ಇಸ್ಯ ನೀವು ಬಾಯೇ ಬುಡ್ನಿಲ್ವಲ್ಲ. ರೇಡಿಯೋ ಇಸ್ಯ ಯೋಳುದ್ರಿ, ನಮ್ಮಣ್ಣನ ಮೂಳೆ ಇಸ್ಯ ಯೋಳುದ್ರಿ."

ಚನ್ನಪ್ಪ ಹಾಳೆಗಳ ಹತ್ತಿರ ಬಗ್ಗಿದ. ಅವನು ಒಂದು ಹಪ್ಪಳವನ್ನು ಎತ್ತಿದ. ಅದರ ತಳ ಬಿಸಿಲು ತಗುಲಿದ್ದೇ ನೀಲಿಗೆ ತಿರುಗಿತು. ಇನ್ನೊಂದನ್ನು ಎತ್ತಿದ. ಅದೂ ನೀಲಿ. ಹಸಿ ಹಿಟ್ಟಿಗೆ ಕಾಗದದ ಔಷಧಿ ಹತ್ತಿತ್ತು.

ಈಗ ಕೂಗುವ ಸರದಿ ಅವಳದಾಯಿತು. "ಅಯ್ಯೋ ನನ್ನ ಹಪ್ಪಳ! ಕುಟ್ಟಿ ಕುಟ್ಟಿ ನನ್ನ ರಟ್ಟೆ ಬಿದ್ದೋಗವೆ. ಇಸ ಬಳಿದಿರೋ ಕಾಗದಾನ ಮನೇಲಿ ತಂದು ಇಟ್ಟಿದ್ರಲ್ಲ, ನಿಮ್ಮನ್ನೇನನ್ನಬೇಕು?"

"ನನ್ನ ಕೆಲ್ಸ ಓಯ್ತದೆ ಅಂತಿದೀನಿ, ನೀನು ಹಪ್ಪಳ ಅಂತೀಯ."

"ನನ್ನ ತಂಗಿ ಮದುವೇಲಿ ನೀಲಿ ಹಪ್ಪಳ ಬಡಿಸಾಕಾಯ್ತದಾ?"

ಕೂಗಿ ಕೂಗಿ ಇಬ್ಬರೂ ದಣಿದರು. ಏನಾದರೂ ಉಳಿದೀತೇನೋ ಎಂಬ ಆಸೆಯಿಂದ ಚನ್ನಪ್ಪ ಹಪ್ಪಳ, ಸೊಪ್ಪುಗಳನ್ನೆಲ್ಲ ಕೊಡವಿ ಹಾಳೆಗಳನ್ನು ಒಂದೊಂದಾಗಿ ತೊಟ್ಟಿಗೆ ಹಾಕಿದ. ಉಳಿಯುವಂಥದ್ದೇನೂ ಇಲ್ಲವೆಂದು ಅವನಿಗೆ ಗೊತ್ತಿತ್ತು. ಆದರೆ ಎರಡನೆಯ ಹಾಳೆಯನ್ನು ನೀರಿನಿಂದ ಎತ್ತಿ ಹಿಡಿದಾಗ ಇಬ್ಬರೂ ಜಗಳ ಮರೆತರು.

ಕಡುನೀಲಿಯ ಮೇಲೆ ಸಾಲುಸಾಲಾಗಿ ಬಿಳಿಯ ಚಂದ್ರರು. ಹಸಿಯಿದ್ದ ಕಡೆ ಅಂಚು ಹರಡಿ, ಮಂಜಿನೊಳಗಿನ ಚಂದ್ರನ ಹಾಗೆ ಕಾಣುತ್ತಿದ್ದವು. ಅವುಗಳ ನಡುವೆ ಬೇವಿನ ಎಸಳುಗಳು ಬಾಗಿ ನಿಂತಿದ್ದವು. ಒಂದೊಂದು ಎಲೆಯ ಅಂಚಿನ ಹಲ್ಲೂ ಎಣಿಸುವ ಹಾಗಿತ್ತು. ಎಳೆಯ ಎಲೆಗಳೊಳಗೆ ಬೆಳಕು ತೂರಿಹೋಗಿ ನರಗಳ ಗುರುತು ಮಾಡಿತ್ತು. ಒಂದು ಕಡೆ ಹಪ್ಪಳದಿಂದ ಉದುರಿದ ಜೀರಿಗೆ ಕಾಳಿನ ನೆರಳೂ ಬಂದಿತ್ತು.

"ಇದ ಯಾರು ಬರುದ್ರು?" ಎಂದಳು ಪುಟ್ಟತಾಯಮ್ಮ. ಅವಳ ದನಿ ಗುಡಿಯೊಳಗೆ ಮಾತಾಡುವಂತಿತ್ತು.

"ಯಾರೂ ಬರೀನಿಲ್ಲ. ಬಿಸ್ಲು ಬಿದ್ದ ಕಡೆ ನೀಲಿ, ಬೀಳದ ಕಡೆ ಬಿಳುಪು. ಅಷ್ಟೇಯ."

ಅಷ್ಟೇ ಎಂದನಾದರೂ ಅವನ ಕೈ ಹಾಳೆಯನ್ನು ಕೆಳಗಿಡಲು ಒಪ್ಪಲಿಲ್ಲ. ಎಷ್ಟೋ ವರ್ಷದಿಂದ ಅವನು ನಕಲು ತೆಗೆದಿದ್ದ. ತೆಗೆದದ್ದೆಲ್ಲ ತಾನೇ ಎಳೆದ ಗೆರೆ. ಎಲ್ಲಿಂದಲೋ ಹೊರಟು ಬಂದ, ಕಣ್ಣಿಗೆ ಕಾಣದ ಆ ಕಿರಣ ಒಂದು ಬೇವಿನೆಲೆಯ ಹಲ್ಲನ್ನೂ ಬಿಡದೆ ಗಮನಿಸಿ ಹೋಗುತ್ತದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಒಳ್ಳೆಯದೊಂದು ನಕಲು, ಹಪ್ಪಳದವು ಐದು, ಎಲ್ಲವನ್ನೂ ಸುತ್ತಿಕೊಂಡು ಆಫೀಸಿಗೆ ಹೋದ. ಕಾಗದ ಮಾರಿಕೊಂಡ ಎಂಬ ಅಪವಾದವಾದರೂ ತಪ್ಪಲಿ ಎಂದು ಹಾಳಾದ ಹಾಳೆಗಳನ್ನೂ ಒಯ್ದಿದ್ದ. ಪಂಚಾಕ್ಷರಯ್ಯನವರು ಒಳ್ಳೆಯ ನಕಲನ್ನು ನೋಡಿ ಪಕ್ಕಕ್ಕಿಟ್ಟು, ಎರಡನೆಯದನ್ನು ಬಿಚ್ಚಿದರು.

"ಏನ್ರೀ ಇದು ಚನ್ನಪ್ಪ?"

"ಹಪ್ಪಳ, ಸಾ."

"ಹಪ್ಪಳ?"

"ಉದ್ದಿನದು, ಸಾ."

ನಡೆದದ್ದನ್ನೆಲ್ಲ ಅವನು ಹೇಳಿದ. ನಿದ್ದೆ ಮಾಡಿದ್ದನ್ನು ಬಿಡೋಣವೆಂದುಕೊಂಡಿದ್ದ. ಬಾಯಿ ತಪ್ಪಿ ಅದೂ ಹೊರಬಂತು. ಪಂಚಾಕ್ಷರಯ್ಯನವರು ಹಾಳೆಯನ್ನು ಕಿಟಕಿಯ ಹತ್ತಿರ ಒಯ್ದರು. ಕನ್ನಡಕವನ್ನು ಹಣೆಗೇರಿಸಿ ಬೇವಿನ ಎಲೆಯ ಮೇಲೆ ಬೆರಳಾಡಿಸಿದರು. ಹೊರಗೆ ಜೀಪು ಹಾರನ್ ಹಾಕುತ್ತಿತ್ತು. ಚನ್ನಪ್ಪ ಊರಿಗೆ ಹೋಗಿ ಯಾರ ಹೊಲ ಗುತ್ತಿಗೆಗೆ ಕೇಳಬೇಕೆಂದು ಲೆಕ್ಕ ಹಾಕತೊಡಗಿದ.

"ಮೂವತ್ತು ವರ್ಷದಿಂದ ಈ ಕಾಗದದ ಮೇಲೆ ಬರೀ ಮೋರಿ ನೋಡಿದೀನಿ," ಎಂದರು ಪಂಚಾಕ್ಷರಯ್ಯನವರು ಕೊನೆಗೆ. "ಆ ಬೆಳಕಿಗೆ ಮೋರಿಯೂ ಒಂದೇ, ಬೇವಿನ ಎಲೆಯೂ ಒಂದೇ ಅಂತ ನನಗೆ ಹೊಳೆದೇ ಇರಲಿಲ್ಲ." ಆಮೇಲೆ ಆ ಹಾಳೆಯನ್ನು ತಾವೇ ಜೋಪಾನವಾಗಿ ಸುತ್ತಿದರು. "ನಡೀರಿ. ಇವತ್ತಿಗೆ ಒಂದು ನಕಲು ಸಾಕು. ಮಿಕ್ಕ ಐದು ಇದ್ದಿದ್ರೂ ಬೆಂಗಳೂರಿನವರು ಜೀಪಿನ ಸೀಟಿನ ಮೇಲೆ ಹಾಸ್ಕೊಂಡು ಕೂರ್ತಿದ್ರು ಅಷ್ಟೆ. ಹಾಳೆಗಳ ಬೆಲೆ ನಿಮ್ಮ ಸಂಬಳದಲ್ಲಿ ಹಿಡೀತೀನಿ."

ಅಷ್ಟಕ್ಕೇ ಬಿಟ್ಟರಲ್ಲ ಎಂದು ಚನ್ನಪ್ಪ ಮನಸ್ಸಿನಲ್ಲೇ ಕೈ ಮುಗಿದ. ಮನೆಯ ನ್ಯಾಯ ಅಷ್ಟು ಸುಲಭದಲ್ಲಿ ಮುಗಿಯಲಿಲ್ಲ. ಕೆಟ್ಟ ಹಪ್ಪಳವನ್ನೆಲ್ಲ ತಿಪ್ಪೆಯಲ್ಲಿ ಹೂತದ್ದಾಯಿತು. ಹೊಸ ಹಿಟ್ಟು ಕುಟ್ಟುವ ಕೆಲಸ ಚನ್ನಪ್ಪನ ಪಾಲಿಗೆ ಬಂತು. ಕೂದಲೆಳೆಯಂಥ ಗೆರೆ ಎಳೆಯುವ ಅವನ ಬೆರಳುಗಳು ವಾರವಿಡೀ ಚಮಚ ಹಿಡಿಯಲೂ ನಡುಗಿದವು.

ಮುಂದಿನ ಭಾನುವಾರ ಬೀದಿಯ ತುದಿಯಲ್ಲಿ ಜೀಪು ನಿಂತಿತು. ಪಂಚಾಕ್ಷರಯ್ಯನವರು ಕಂಕುಳಲ್ಲಿ ಕರಿಬಟ್ಟೆಯ ಸುರುಳಿ ಇಟ್ಟುಕೊಂಡು ನಡೆದು ಬಂದರು. ಚನ್ನಪ್ಪ ಒನಕೆ ಬಿಟ್ಟು ಎದ್ದು ನಿಂತ. ಮೊಣಕೈವರೆಗೂ ಹಿಟ್ಟು ಮೆತ್ತಿತ್ತು.

"ಇದು ನನ್ನ ಸ್ವಂತ ದುಡ್ಡಿನ ಕಾಗದ," ಎಂದರು ಅವರು. "ಆ ಪಟ ನೋಡಿದ ಮೇಲೆ ನಮ್ಮ ಮನೆಯವರು ಹಟ ಹಿಡಿದಿದ್ದಾರೆ. ನಮ್ಮ ಅಂಗಳದ ದಾಳಿಂಬೆ ಎಲೆ, ಹೂವು ಇಟ್ಟು ಅಂಥದೇ ಒಂದು ಬೇಕಂತೆ."

"ಅದಕ್ಕೇನು ಸಾ, ಈಗ್ಲೇ ಮಾಡ್ಕೊಡ್ತೀನಿ," ಎಂದು ಚನ್ನಪ್ಪ ಮುಂದೆ ಬಂದ. "ಇದ್ರಲ್ಲಿ ಮುಖ್ಯವಾಗಿ ನೇರಳೆ ಆಚೆ ಕಿರಣದ..."

"ನಿಮ್ಮನ್ನ ಕೇಳಲಿಲ್ಲ ಕಣ್ರೀ," ಎಂದು ಪಂಚಾಕ್ಷರಯ್ಯನವರು ಬಾಗಿಲ ಮರೆಯಲ್ಲಿ ನಿಂತಿದ್ದ ಪುಟ್ಟತಾಯಮ್ಮನ ಕಡೆ ತಿರುಗಿದರು. "ಏನಮ್ಮ, ಆಗುತ್ತಾ?"

ಪುಟ್ಟತಾಯಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಆಯ್ತದೆ ಸಾ. ಬಿಸ್ಲೇನೋ ದಿನಾ ಬತ್ತದೆ. ಇವ್ರನ್ನ ಒಂದಿನ ಆಫೀಸ್ಗೆ ಕರ್ಸ್ಕಂಬುಡಿ, ಪಾಠ ಇಲ್ದಂಗೆ ಮಾಡ್ಕೊಡ್ತೀನಿ."